ನಿಂತಲ್ಲೇ ರೇಸ್ ಹಿಡಿಯುವ ಹಳೇ ಪಿಕಪ್: ಸ್ಕ್ರೂ ತಿರುಗಿಸುವ ಮೊದಲು ಏನೇನು ನೋಡಬೇಕು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಗಡಿಗಂಟಿದ ಈ ತಾಲೂಕುಗಳಲ್ಲಿ ಬೆಳಗಿನ ಜಾವ ಯಾವುದಾದರೂ ನಾಕಾದಲ್ಲಿ ನಿಂತು ನೋಡಿ. ತರಕಾರಿ, ಹಾಲಿನ ಕ್ಯಾನು, ದ್ರಾಕ್ಷಿ, ಬೆಲ್ಲ, ತಂಬಾಕು, ಮದುವೆಯ ಪೆಂಡಾಲು ಎಲ್ಲವೂ ಓಡಾಡುವುದು ಪಿಕಪ್ ಮೇಲೆ. ಕೆಎ 23 ನಂಬರಿನ ಗಾಡಿ ಮಿರಜ್, ಕೊಲ್ಹಾಪುರಕ್ಕೆ ಹೋಗುತ್ತದೆ. ಎಂಎಚ್ 09, ಎಂಎಚ್ 10 ನಂಬರಿನವು ಇತ್ತ ಬರುತ್ತವೆ. ಬೊಲೆರೊ ಪಿಕಪ್, ಟಾಟಾ 207, 'ಛೋಟಾ ಹಾಥಿ' ಎಂದೇ ಹೆಸರಾದ ಟಾಟಾ ಏಸ್. ಇವುಗಳಲ್ಲಿ ಬಹಳಷ್ಟು ಎರಡನೇ, ಮೂರನೇ ಕೈ ಬದಲಾದ ಗಾಡಿಗಳು. ಮಾಲೀಕನೇ ಡ್ರೈವರ್, ಗಾಡಿ ನಿಂತರೆ ಆ ದಿನದ ದುಡಿಮೆಯೂ ನಿಂತ ಹಾಗೆ.

ಇಂಥ ಹಳೇ ಗಾಡಿಗಳ ಮಾಮೂಲಿ ದೂರು ಒಂದಿದೆ. "ರೇಸ್ ಬಿಟ್ರೂ ಇಳಿಯಂಗಿಲ್ರಿ, ನಿಂತಲ್ಲೇ ಗಂವ್ ಅಂತೈತಿ." ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೂ ಎಂಜಿನ್ ವೇಗ ಇಳಿಯುವುದಿಲ್ಲ. ಗ್ಯಾರೇಜಿಗೆ ಹೋದರೆ ಎರಡು ನಿಮಿಷದ ಕೆಲಸ: ಪಂಪಿನ ಮೇಲಿನ ಸ್ಲೋ ಸ್ಪೀಡ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, "ಆತ್ ಹೋಗ್ರಿ" ಅನ್ನುತ್ತಾರೆ. ಕೆಲವೊಮ್ಮೆ ಅಷ್ಟರಲ್ಲೇ ಸರಿಯೂ ಆಗುತ್ತದೆ. ಆದರೆ ಬಹಳ ಸಲ ಆಗುವುದು ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದಷ್ಟೇ. ರೇಸ್ ಏರುವುದು ಒಂದು ಲಕ್ಷಣ. ಅದರ ಹಿಂದೆ ತುಕ್ಕು ಹಿಡಿದ ಕೇಬಲ್ ಇರಬಹುದು, ಸವೆದ ಪಂಪ್ ಇರಬಹುದು, ಎಣ್ಣೆ ಸೋರುವ ಟರ್ಬೋ ಇರಬಹುದು. ಮೊದಲನೆಯದು ಸಣ್ಣ ಖರ್ಚು, ಕೊನೆಯದು ಪ್ರಾಣಾಪಾಯ. ಯಾವುದು ಅಂತ ಗೊತ್ತಾಗಬೇಕಾದರೆ ಒಂದು ಕ್ರಮದಲ್ಲಿ ನೋಡಬೇಕು.

ರೇಸ್ ಜಾಸ್ತಿ ಅಂದರೆ ಎಷ್ಟು?

ಎಂಜಿನ್ ಬಿಸಿಯಾದ ಮೇಲೆ, ಗೇರ್ ನ್ಯೂಟ್ರಲ್‌ನಲ್ಲಿದ್ದು ಕಾಲು ತೆಗೆದಾಗ ಹಳೆಯ ಡೀಸೆಲ್ ಪಿಕಪ್ ಸಾಮಾನ್ಯವಾಗಿ ನಿಮಿಷಕ್ಕೆ 750ರಿಂದ 900 ಸುತ್ತಿನ ಆಸುಪಾಸು ತಿರುಗುತ್ತದೆ. ನಿಮ್ಮ ಮಾಡೆಲ್‌ನ ನಿಖರ ಅಂಕಿ ಗಾಡಿಯ ಜತೆ ಕೊಟ್ಟ ಪುಸ್ತಕದಲ್ಲಿ ಸಿಗಬಹುದು. ತಣ್ಣಗಿರುವ ಎಂಜಿನ್ ಚಳಿಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಹೆಚ್ಚು ವೇಗದಲ್ಲಿ ತಿರುಗಿದರೆ ಅದು ರೋಗವಲ್ಲ. ಬಿಸಿಯಾದ ಮೇಲೂ 1200, 1400ರಲ್ಲೇ ನಿಂತರೆ ಮಾತ್ರ ಚಿಂತೆ.

ಹಳೇ ಪಿಕಪ್‌ಗಳಲ್ಲಿ ಆರ್‌ಪಿಎಂ ಮೀಟರ್ ಇಲ್ಲದಿರುವುದೇ ಹೆಚ್ಚು, ಇದ್ದರೂ ನಡೆಯುವುದು ಕಡಿಮೆ. ಅದಕ್ಕೊಂದು ಸರಳ ಪರೀಕ್ಷೆ: ಖಾಲಿ ಗಾಡಿಯನ್ನು ಜನರಿಲ್ಲದ ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ನಿಧಾನ ಕ್ಲಚ್ ಬಿಡಿ. ಗಾಡಿ ಸುಮಾರು ಮನುಷ್ಯ ಬಿರಬಿರನೆ ನಡೆಯುವ ವೇಗದಲ್ಲಿ ಸಾಗಬೇಕು. ಪಕ್ಕದಲ್ಲಿ ನಡೆಯುವವರು ಓಡಬೇಕಾಗಿ ಬಂದರೆ ರೇಸ್ ಜಾಸ್ತಿ ಇದೆ ಎಂದೇ ಅರ್ಥ. ರಿವರ್ಸ್ ಹಾಕುವಾಗ ಗೇರ್ ಕರಕರ ಅನ್ನುವುದಕ್ಕೂ ಇದೇ ಕಾರಣ ಇರಬಹುದು.

ಮೊದಲ ಪ್ರಶ್ನೆ: ನಿಮ್ಮ ಗಾಡಿ ಯಾವ ಕಾಲದ್ದು?

ಯೂಟ್ಯೂಬಿನಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ಪೆಟ್ರೋಲ್ ಕಾರಿನವು. ಅವನ್ನು ಡೀಸೆಲ್ ಪಿಕಪ್‌ಗೆ ಅನ್ವಯಿಸಿದರೆ ಹಣ ದಂಡ. ಪೆಟ್ರೋಲ್ ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವುದು ಒಳಹೋಗುವ ಗಾಳಿ. ಎಲ್ಲಾದರೂ ಕದ್ದು ಗಾಳಿ ನುಗ್ಗಿದರೆ ರೇಸ್ ಏರುತ್ತದೆ. ಡೀಸೆಲ್‌ನಲ್ಲಿ ವೇಗ ನಿರ್ಧರಿಸುವುದು ಪಂಪು ಕೊಡುವ ಎಣ್ಣೆ. ಹಾಗಾಗಿ ಮಾಮೂಲಿ ಡೀಸೆಲ್‌ನಲ್ಲಿ ಗಾಳಿಯ ಪೈಪ್ ಸೋರಿದರೆ ಹೊಗೆ ಬರಬಹುದು, ಪಿಕಪ್ ಕಡಿಮೆಯಾಗಬಹುದು, ರೇಸ್ ಏರುವುದಿಲ್ಲ. ಇದಕ್ಕೆ ಒಂದೇ ಅಪವಾದ: ತೀರಾ ಹಳೆಯ ಕೆಲವು ಡೀಸೆಲ್ ಎಂಜಿನ್ನುಗಳ ಪಂಪಿನ ಗವರ್ನರ್ ಗಾಳಿಯ ಸೆಳೆತದಿಂದ ನಡೆಯುತ್ತಿತ್ತು. ಅಂಥದರಲ್ಲಿ ಸೆಳೆತದ ಪೈಪ್ ಬಿಚ್ಚಿದರೆ ಅಥವಾ ಒಳಗಿನ ರಬ್ಬರ್ ಡಯಾಫ್ರಂ ಹರಿದರೆ ಎಂಜಿನ್ ಸೀದಾ ಮೇಲಕ್ಕೆ ಏರುತ್ತದೆ.

ಒಟ್ಟಾರೆ ಮೂರು ಬಗೆ ಎಂದಿಟ್ಟುಕೊಳ್ಳಿ. ಒಂದು, ಕೇಬಲ್ ಎಳೆದರೆ ಪಂಪಿನ ಲಿವರ್ ತಿರುಗುವ ಹಳೇ ಡೀಸೆಲ್. ಎರಡು, ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಡೀಸೆಲ್. ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6 ಕಡ್ಡಾಯವಾಗುತ್ತ ಬಂದಂತೆ ಇವೇ ಹೆಚ್ಚಾದವು. ಮೂರು, ಪೆಟ್ರೋಲ್ ಮತ್ತು ಸಿಎನ್‌ಜಿ ಸಣ್ಣ ಗಾಡಿಗಳು. ಬಾನೆಟ್ ಎತ್ತಿ, ಅಥವಾ ಏಸ್ ಆದರೆ ಸೀಟ್ ಎತ್ತಿ ನೋಡಿ. ಆಕ್ಸಿಲರೇಟರ್ ಕೇಬಲ್ ನೇರ ಡೀಸೆಲ್ ಪಂಪಿಗೆ ಹೋಗಿದ್ದರೆ ನಿಮ್ಮದು ಮೊದಲ ಬಗೆ.

ಕೇಬಲ್ ಪಂಪ್ ಡೀಸೆಲ್: ಕಾಲಿನಿಂದ ಪಂಪಿನವರೆಗೆ

ಮೊದಲು ಕ್ಯಾಬಿನ್ ಒಳಗೆ ನೋಡಿ. ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿದೆಯಾ? ಪೆಡಲ್ ಕೀಲಿನಲ್ಲಿ ಮಣ್ಣು ತುಂಬಿದೆಯಾ? ಕಬ್ಬಿನ ಗದ್ದೆ, ಎರೆ ಮಣ್ಣಿನ ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಇದು ನಗುವ ವಿಷಯವಲ್ಲ. ಕೆಸರು ಒಣಗಿದರೆ ಸಿಮೆಂಟಿನ ಹಾಗೆ ಹಿಡಿಯುತ್ತದೆ.

ಆಮೇಲೆ ಎಂಜಿನ್ ಬಂದ್ ಮಾಡಿ ಪಂಪಿನ ಹತ್ತಿರ ಬನ್ನಿ. ಇಡೀ ಪರೀಕ್ಷೆಯ ಕವಲುದಾರಿ ಇದು. ಲಿವರ್ ಪೂರ್ತಿ ಹಿಂದೆ ಬಂದು ಸ್ಲೋ ಸ್ಪೀಡ್ ಸ್ಕ್ರೂಗೆ ತಾಗಿ ನಿಂತಿದೆಯೇ?

ತಾಗಿಲ್ಲ ಎಂದರೆ ತೊಂದರೆ ಕಾಲು ಮತ್ತು ಪಂಪಿನ ನಡುವೆ ಇದೆ. ಖಚಿತ ಮಾಡಿಕೊಳ್ಳಲು ಕೇಬಲ್ಲಿನ ತುದಿಯನ್ನು ಲಿವರ್‌ನಿಂದ ಬಿಚ್ಚಿ, ಲಿವರ್ ತಾನಾಗಿ ಸ್ಕ್ರೂಗೆ ತಾಗಿತು ಅಂತ ನೋಡಿಕೊಂಡ ಮೇಲೇ ಎಂಜಿನ್ ಚಾಲೂ ಮಾಡಿ. ರೇಸ್ ಇಳಿಯಿತೆಂದರೆ ಕಳ್ಳ ಸಿಕ್ಕ. ಕೇಬಲ್ ಒಳಗೆ ತುಕ್ಕು ಹಿಡಿದಿದೆ, ಎಳೆಗಳು ಬಿಚ್ಚಿ ಸಿಕ್ಕಿಕೊಂಡಿವೆ, ಅಥವಾ ಬಿಗಿ ಮಾಡುವಾಗ ಸ್ವಲ್ಪವೂ ಸಡಿಲ ಬಿಟ್ಟಿಲ್ಲ. ಕೇಬಲ್ ಬಿಚ್ಚಿದರೂ ಲಿವರ್ ವಾಪಸ್ ಬಾರದಿದ್ದರೆ ರಿಟರ್ನ್ ಸ್ಪ್ರಿಂಗ್ ಸತ್ತಿದೆ ಅಥವಾ ಲಿವರಿನ ಕೀಲು ಬಿಗಿ ಹಿಡಿದಿದೆ. ತುಕ್ಕು ಹಿಡಿದ ಕೇಬಲ್ಲಿಗೆ ಎಣ್ಣೆ ಬಿಟ್ಟರೆ ಕೆಲವು ದಿನ ನಡೆಯುತ್ತದೆ, ಆದರೆ ಬದಲಿಸುವುದೇ ಸರಿ. ಸ್ಪ್ರಿಂಗ್ ಬದಲು ಸೈಕಲ್ ಟ್ಯೂಬಿನ ರಬ್ಬರ್ ಕಟ್ಟುವ ರೂಢಿಯನ್ನಂತೂ ಬಿಡಬೇಕು. ಬಿಸಿ ಎಂಜಿನ್ ಪಕ್ಕದಲ್ಲಿ ರಬ್ಬರಿನ ಆಯುಸ್ಸು ಎಷ್ಟು?

ಲಿವರ್ ಸ್ಕ್ರೂಗೆ ತಾಗಿದ್ದರೂ ರೇಸ್ ಜಾಸ್ತಿಯೇ ಇದ್ದರೆ ಉಳಿಯುವುದು ನಾಲ್ಕು ಅನುಮಾನ: ತಣ್ಣನೆಯ ಎಂಜಿನ್‌ಗೆ ರೇಸ್ ಏರಿಸಿಕೊಡುವ ಸಾಧನ ಅಲ್ಲೇ ಸಿಕ್ಕಿಕೊಂಡಿದೆ (ಎಲ್ಲ ಪಂಪಿನಲ್ಲೂ ಇದು ಇರುವುದಿಲ್ಲ), ಯಾರೋ ಸ್ಕ್ರೂ ತಿರುಗಿಸಿದ್ದಾರೆ, ಪಂಪಿನ ಒಳಗೇ ದೋಷವಿದೆ, ಅಥವಾ ಎಂಜಿನ್‌ಗೆ ಬೇರೆ ಕಡೆಯಿಂದ ಎಣ್ಣೆ ಸಿಗುತ್ತಿದೆ.

ಸ್ಕ್ರೂ ಯಾರು ತಿರುಗಿಸಿದರು, ಯಾಕೆ?

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಕೇಳಬೇಕಾದ ಪ್ರಶ್ನೆ ಇದು. ಸ್ಕ್ರೂವಿನ ಲಾಕ್ ನಟ್ ಮೇಲೆ ಹೊಸ ಪಾನಾದ ಗುರುತುಗಳಿದ್ದರೆ, ಬಣ್ಣ ಕಿತ್ತಿದ್ದರೆ, ಯಾರೋ ಕೈ ಹಾಕಿದ್ದಾರೆ. ಸುಮ್ಮನೆ ಯಾರೂ ರೇಸ್ ಏರಿಸುವುದಿಲ್ಲ. ಎಂಜಿನ್ ಸಿಗ್ನಲ್ಲಿನಲ್ಲಿ ಬಂದ್ ಬೀಳುತ್ತಿತ್ತು, ನಡುಗುತ್ತಿತ್ತು, ಅದನ್ನು ಮುಚ್ಚಲು ರೇಸ್ ಏರಿಸಿರುತ್ತಾರೆ.

ಇಲ್ಲಿ ಉಲ್ಟಾ ಪರೀಕ್ಷೆ ಮಾಡಬೇಕು. ಸ್ಕ್ರೂ ಎಲ್ಲಿದೆ ಅಂತ ಬಣ್ಣದ ಗುರುತು ಹಾಕಿಕೊಂಡು, ಫೋಟೋ ತೆಗೆದುಕೊಂಡು, ಬಿಸಿ ಎಂಜಿನ್ನಿನ ರೇಸನ್ನು ಸರಿಯಾದ ಮಟ್ಟಕ್ಕೆ ಇಳಿಸಿ. ನೆಟ್ಟಗೆ ನಡೆದರೆ ಅಲ್ಲಿಗೆ ಮುಗಿಯಿತು. ನಡುಗಿದರೆ ಅಥವಾ ಬಂದ್ ಬಿದ್ದರೆ ನಿಜವಾದ ಕಾಯಿಲೆ ಈಗ ಹೊರಬಂತು: ಡೀಸೆಲ್ ಫಿಲ್ಟರ್ ಕಟ್ಟಿದೆ, ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ, ಒಂದು ನಾಝಲ್ ಕೆಟ್ಟಿದೆ, ಒಂದು ಸಿಲಿಂಡರಿನ ಕಂಪ್ರೆಷನ್ ಬಿದ್ದಿದೆ, ಅಥವಾ ಬರೀ ಎಂಜಿನ್ ಮೌಂಟಿಂಗ್ ಹೋಗಿದೆ. ಯಾವ ನಾಝಲ್ ಅಂತ ತಿಳಿಯಲು ಮೆಕ್ಯಾನಿಕ್ ಒಂದೊಂದೇ ಪೈಪಿನ ನಟ್ ಸಡಿಲಿಸಿ ನೋಡುತ್ತಾರೆ. ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಇದನ್ನು ನೀವೇ ಮಾಡಲು ಹೋಗಬೇಡಿ. ನಾಝಲ್ ಪೈಪಿನಿಂದ ಚಿಮ್ಮುವ ಡೀಸೆಲ್ಲಿನ ಒತ್ತಡ ಚರ್ಮ ಸೀಳಿ ಒಳಗೆ ಹೋಗುವಷ್ಟಿರುತ್ತದೆ. ಕಾಮನ್ ರೈಲ್ ಗಾಡಿಯಲ್ಲಿ ಒತ್ತಡ ಇನ್ನೂ ಎಷ್ಟೋ ಪಟ್ಟು ಹೆಚ್ಚು, ಅಲ್ಲಿ ಮೆಕ್ಯಾನಿಕ್ ಕೂಡ ಈ ಪರೀಕ್ಷೆ ಮಾಡಬಾರದು.

ಸ್ಕ್ರೂ, ಕೇಬಲ್ ಎರಡೂ ಸರಿಯಿದ್ದರೆ ಪಂಪಿನ ಒಳಗಿನ ಗವರ್ನರ್ ಸ್ಪ್ರಿಂಗ್, ಸವೆದ ಕೀಲು, ಸಿಕ್ಕಿಕೊಂಡ ರ‍್ಯಾಕ್ ಕಡೆ ನೋಡಬೇಕು. ನೀರು ಬೆರೆತ ಡೀಸೆಲ್, ಸೀಮೆಎಣ್ಣೆ ಕಲಬೆರಕೆ ಇವೆರಡೂ ಪಂಪಿನ ಶತ್ರುಗಳು, ಯಾಕೆಂದರೆ ಪಂಪಿನ ಒಳಭಾಗಗಳಿಗೆ ಜಾರಿಕೆ ಕೊಡುವುದು ಡೀಸೆಲ್ಲೇ. ಇದು ರಸ್ತೆ ಬದಿಯ ಕೆಲಸವಲ್ಲ. ಪಂಪನ್ನು ಟೆಸ್ಟ್ ಬೆಂಚಿಗೆ ಏರಿಸಿ ಕ್ಯಾಲಿಬ್ರೇಷನ್ ಮಾಡುವ ಪಂಪ್ ನಾಝಲ್ ಅಂಗಡಿಗೇ ಒಯ್ಯಬೇಕು. ಸೀಲ್ ಹಾಕಿದ ಗರಿಷ್ಠ ವೇಗದ ಸ್ಕ್ರೂವನ್ನು ಯಾರೂ ಮುಟ್ಟಕೂಡದು.

ಇದೊಂದು ಮಾತ್ರ ಕಾಯುವಂಥದ್ದಲ್ಲ

ಕೇಬಲ್ ಬಿಚ್ಚಿದರೂ ರೇಸ್ ತಾನೇ ತಾನಾಗಿ ಏರುತ್ತಿದೆ, ಸೈಲೆನ್ಸರ್‌ನಿಂದ ನೀಲಿ ಅಥವಾ ಬಿಳಿ ದಟ್ಟ ಹೊಗೆ ಬರುತ್ತಿದೆ, ಎಂಜಿನ್ ಆಯಿಲ್ ವಾರ ವಾರ ಇಳಿಯುತ್ತಿದೆ ಎಂದರೆ ಎಂಜಿನ್ ತನ್ನದೇ ಆಯಿಲ್ ಕುಡಿಯುತ್ತಿದೆ. ಟರ್ಬೋ ಸೀಲ್ ಹೋಗಿರಬಹುದು, ಆಯಿಲ್ ಅಳತೆ ಮೀರಿ ಹಾಕಿರಬಹುದು, ರಿಂಗ್ ಸವೆದು ಬ್ರೀದರ್ ಪೈಪಿನಿಂದ ಆಯಿಲ್ ಒಳಗೆ ಹೋಗುತ್ತಿರಬಹುದು. ಹೀಗೆ ಬಿಟ್ಟರೆ ಎಂಜಿನ್ ಕೈ ಮೀರಿ ಓಡಿ ಸಿಡಿಯುವ ತನಕ ಹೋಗುತ್ತದೆ. ಆಗ ಚಾವಿ ತೆಗೆದರೂ ನಿಲ್ಲುವುದಿಲ್ಲ, ಯಾಕೆಂದರೆ ಚಾವಿ ನಿಲ್ಲಿಸುವುದು ಡೀಸೆಲ್ಲನ್ನು ಮಾತ್ರ.

ನಿಂತ ಗಾಡಿಯಲ್ಲಿ ಹೀಗಾದರೆ ಬ್ರೇಕ್ ಮೇಲೆ ಪೂರ್ತಿ ಕಾಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂದೆ ಯಾರೂ ಇಲ್ಲ ಎಂದು ನೋಡಿಕೊಂಡು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಿ. ಅದೂ ಆಗದಿದ್ದರೆ ಎಂಜಿನ್ ಹತ್ತಿರ ಹೋಗದೆ ಜನರನ್ನು ದೂರ ಕಳಿಸಿ. ಗಾಳಿ ಎಳೆಯುವ ಪೈಪಿಗೆ ಕೈಯನ್ನಂತೂ ಅಡ್ಡ ಇಡಲೇಬೇಡಿ. ಈ ಲಕ್ಷಣ ಒಮ್ಮೆ ಕಂಡ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಕಾಮನ್ ರೈಲ್ ಗಾಡಿ: ಸ್ಕ್ರೂ ಇಲ್ಲದ ಲೋಕ

ಇಲ್ಲಿ ತಿರುಗಿಸಲು ಸ್ಕ್ರೂವೇ ಇಲ್ಲ. ಸೆನ್ಸರುಗಳು ಕೊಡುವ ಸುದ್ದಿ ನಂಬಿ ಇಸಿಯು ಎನ್ನುವ ಕಂಪ್ಯೂಟರ್ ರೇಸ್ ತೀರ್ಮಾನಿಸುತ್ತದೆ. ಸುದ್ದಿ ಸುಳ್ಳಾದರೆ ತೀರ್ಮಾನವೂ ತಪ್ಪು. ಕೂಲಂಟ್ ಬಿಸಿ ಅಳೆಯುವ ಸೆನ್ಸರ್ "ಎಂಜಿನ್ ಇನ್ನೂ ತಣ್ಣಗಿದೆ" ಅಂತ ಹೇಳುತ್ತಲೇ ಇದ್ದರೆ ರೇಸ್ ಇಳಿಯುವುದಿಲ್ಲ. ಥರ್ಮೋಸ್ಟಾಟ್ ತೆರೆದೇ ಉಳಿದರೂ ಅದೇ ಕಥೆ. ಬೇಸಿಗೆಯಲ್ಲಿ ಬಿಸಿಯಾಗುತ್ತೆ ಅಂತ ಥರ್ಮೋಸ್ಟಾಟ್ ಕಿತ್ತು ಹಾಕಿಸಿಕೊಂಡವರು ಇದನ್ನು ನೆನಪಿಡಬೇಕು. ಪೆಡಲ್ ಸೆನ್ಸರ್ ಕೆಟ್ಟರೆ ಕೆಲವು ಗಾಡಿಗಳಲ್ಲಿ ಇಸಿಯು ರೇಸನ್ನು ಏರಿಸಿ ಒಂದೇ ಮಟ್ಟಕ್ಕೆ ಕಟ್ಟಿಹಾಕುತ್ತದೆ. ಮನೆಯವರೆಗೆ ನಿಧಾನ ತಲುಪಲಿ ಎಂಬ ಲೆಕ್ಕ. ಬ್ಯಾಟರಿ, ಆಲ್ಟರ್ನೇಟರ್ ದುರ್ಬಲವಾದರೂ ಚಾರ್ಜ್ ಹೆಚ್ಚಿಸಲು ರೇಸ್ ಏರುವುದುಂಟು.

ಹಾಗಾಗಿ ಕ್ರಮ ಹೀಗಿರಲಿ: ಎಂಜಿನ್ ತಣ್ಣಗಿದ್ದಾಗ ಕೂಲಂಟ್ ಮಟ್ಟ ನೋಡಿ, ಬ್ಯಾಟರಿ ತುದಿಗಳನ್ನು ಬಿಗಿ ಮಾಡಿ, ಇಲಿ ಕಡಿದ ವೈರ್ ಇದೆಯಾ ಹುಡುಕಿ, ಆಮೇಲೆ ಸ್ಕ್ಯಾನರ್ ಹಾಕಿಸಿ. ಪರದೆ ಮೇಲಿನ ಕೋಡನ್ನು ನೀವೇ ಬರೆದುಕೊಳ್ಳಿ. ಪಿ0507 ಎಂದರೆ ನಿಂತಾಗಿನ ವೇಗ ಇರಬೇಕಾದ್ದಕ್ಕಿಂತ ಹೆಚ್ಚು. ಪಿ0117, ಪಿ0118 ಕೂಲಂಟ್ ಸೆನ್ಸರಿನವು. ಪಿ2122 ಪೆಡಲ್ ಸೆನ್ಸರಿನ ಸಂಕೇತ ಕಡಿಮೆ ಎಂದು ಹೇಳುತ್ತದೆ. ಕೋಡ್ ಬಂತೆಂದರೆ ಆ ಸೆನ್ಸರ್ ಕೆಟ್ಟಿದೆ ಎಂದೇ ಅಲ್ಲ. ಅದರ ವೈರ್ ತುಂಡಾಗಿರಬಹುದು, ಕನೆಕ್ಟರ್ ಹಸಿರುಗಟ್ಟಿರಬಹುದು. ವೈರ್ ನೋಡದೆ ಸೆನ್ಸರ್ ಬದಲಿಸಿದರೆ ದುಡ್ಡು ನೀರಿನಲ್ಲಿ ಹೋಮ.

ಡಿಪಿಎಫ್ ಫಿಲ್ಟರ್ ಇರುವ ಬಿಎಸ್ 6 ಗಾಡಿಗಳಲ್ಲಿ ಆಗಾಗ ಸ್ವಲ್ಪ ಹೊತ್ತು ರೇಸ್ ಏರುವುದು ಸಹಜ. ಫಿಲ್ಟರಿನಲ್ಲಿ ಕೂತ ಮಸಿಯನ್ನು ಸುಟ್ಟುಕೊಳ್ಳುವ ಸಮಯ ಅದು. ನಡುವೆ ಬಂದ್ ಮಾಡುತ್ತ ಹೋದರೆ ಫಿಲ್ಟರ್ ಕಟ್ಟುತ್ತದೆ.

ಪೆಟ್ರೋಲ್, ಸಿಎನ್‌ಜಿ ಸಣ್ಣ ಗಾಡಿ

ಇಲ್ಲಿ ಗಾಳಿ ಸೋರಿಕೆಯೇ ಮೊದಲ ಅನುಮಾನ. ಎಂಜಿನ್ ಚಾಲೂ ಇದ್ದಾಗ 'ಸ್ಸ್' ಸದ್ದು ಬರುವ ರಬ್ಬರ್ ಪೈಪ್, ಬಿರುಕು ಬಿಟ್ಟ ಇನ್‌ಟೇಕ್ ಪ್ಯಾಕಿಂಗ್ ಹುಡುಕಿ. ಅನುಮಾನದ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿದಾಗ ರೇಸ್ ಬದಲಾದರೆ ಸೋರಿಕೆ ಅಲ್ಲೇ. ಪೆಟ್ರೋಲ್ ಚಿಮುಕಿಸಿ ನೋಡುವ ಅಭ್ಯಾಸ ಬೆಂಕಿಗೆ ಆಹ್ವಾನ. ಬ್ರೇಕ್ ಬೂಸ್ಟರಿಗೆ ಹೋಗುವ ಪೈಪನ್ನು ಬಿಡದೆ ನೋಡಿ. ಅದು ಸೋರಿದರೆ ರೇಸ್ ಏರುವುದರ ಜತೆ ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ನಂತರದ್ದು ಕಾರ್ಬನ್ ಕಟ್ಟಿದ ಥ್ರಾಟಲ್ ಬಾಡಿ, ಅದರ ಪಕ್ಕದ ಐಡಲ್ ವಾಲ್ವ್.

ಹೊಳಿ ನೀರು ಕಂಡ ಗಾಡಿ

ಈ ಸೀಮೆಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು 2005, 2019, 2021ರಲ್ಲಿ ಉಕ್ಕಿದಾಗ ಗಡಿಯ ಆಚೀಚೆ ಊರಿಗೆ ಊರೇ ನೀರಲ್ಲಿ ನಿಂತವು. ನೀರಲ್ಲಿ ಮುಳುಗಿದ ಗಾಡಿಯ ಕೇಬಲ್ ತುಕ್ಕು, ಕನೆಕ್ಟರಿನ ಹಸಿರು ಕಿಲುಬು ವರ್ಷಗಳ ನಂತರವೂ ಕಾಡುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಸೀಟಿನ ಹಳಿಗಳ ತುಕ್ಕು, ಫ್ಯೂಸ್ ಬಾಕ್ಸ್ ಹಿಂದಿನ ಒಣ ರೇವೆ ಮಣ್ಣು, ಡ್ಯಾಶ್ ಬೋರ್ಡ್ ಕೆಳಗಿನ ನೀರಿನ ಗೆರೆ ನೋಡಿ. ರೇಸ್ ಒಂದು ದಿನ ಏರಿ ಮರುದಿನ ತಾನೇ ಸರಿಹೋಗುವ ಗಾಡಿಗಳಲ್ಲಿ ಮೊದಲು ಹುಡುಕಬೇಕಾದ್ದು ಇಂಥ ಕನೆಕ್ಟರುಗಳನ್ನೇ.

ಘಾಟಿನಲ್ಲಿ ರೇಸ್ ಸಿಕ್ಕಿಕೊಂಡರೆ

ರೇಸ್ ಜಾಸ್ತಿ ಇರುವುದು ಡೀಸೆಲ್ ಖರ್ಚಿನ ಮಾತಷ್ಟೇ ಅಲ್ಲ. ನಿಪ್ಪಾಣಿ ಹತ್ತಿರದ ತವಂದಿ ಘಾಟಿನಂಥ ಇಳಿಜಾರಿನಲ್ಲಿ ಲೋಡ್ ಗಾಡಿಯನ್ನು ಹಿಡಿಯಬೇಕಾದ್ದು ಎಂಜಿನ್. ಕಾಲು ತೆಗೆದ ಮೇಲೂ ಎಂಜಿನ್ ಮುಂದಕ್ಕೆ ದೂಡುತ್ತಿದ್ದರೆ ಆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಹಿಡಿತ ಬಿಡುತ್ತದೆ.

ಓಡುವಾಗ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಗಾಬರಿಯಲ್ಲಿ ಚಾವಿ ಕೀಳಬೇಡಿ. ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕಿನ ಬಲವೂ ತಗ್ಗುತ್ತದೆ. ಕ್ಲಚ್ ಒತ್ತಿ ಎಂಜಿನ್ನನ್ನು ಚಕ್ರದಿಂದ ಬಿಡಿಸಿ. ಅದು ಎಷ್ಟೇ ಕೂಗಲಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಗಟ್ಟಿಯಾಗಿ ಒತ್ತಿ ರಸ್ತೆ ಬದಿಗೆ ತನ್ನಿ. ಗಾಡಿ ನಿಂತ ಮೇಲೆ ಎಂಜಿನ್ ಬಂದ್ ಮಾಡಿ.

ಮಿಸ್ತ್ರಿಗೆ ಗೊತ್ತಿಲ್ಲವೋ, ಗೊತ್ತಾಗಲು ಬಿಟ್ಟಿಲ್ಲವೋ?

ಮೇಲಿನ ಪಟ್ಟಿ ಓದಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೇಬಲ್ ಪಂಪ್ ಗಾಡಿಯ ದೋಷವನ್ನು ಚಿಕ್ಕೋಡಿಯ ಯಾವ ಗ್ಯಾರೇಜಿನಲ್ಲಾದರೂ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ ಹಿಡಿಯಬಹುದು. ಕಾಮನ್ ರೈಲ್ ಗಾಡಿಗೆ ಬೇಕಾದ್ದು ಸ್ಕ್ಯಾನರ್, ವೈರಿಂಗ್ ನಕ್ಷೆ, ಪ್ರತಿ ಸೆನ್ಸರಿನ ಸರಿಯಾದ ವೋಲ್ಟೇಜ್. ಸಾಮಾನ್ಯ ಕೋಡುಗಳನ್ನು ಅಗ್ಗದ ಸ್ಕ್ಯಾನರ್ ಓದುತ್ತದೆ. ಕಂಪನಿಯದೇ ಕೋಡುಗಳು, ಇಸಿಯುಗೆ ಹೊಸ ಭಾಗವನ್ನು ಪರಿಚಯಿಸುವ ಸಾಫ್ಟ್‌ವೇರ್ ಸಿಗುವುದು ಕಷ್ಟ. ಸಿಕ್ಕರೂ ಕನ್ನಡದಲ್ಲಿ ಸಿಗುವುದಿಲ್ಲ.

ಇದು ಹೊಸ ಜಗಳವಲ್ಲ. ಬಿಡಿಭಾಗ, ರಿಪೇರಿ ಕೈಪಿಡಿ, ದೋಷ ಪತ್ತೆ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಟಾಟಾ, ಮಹೀಂದ್ರಾ, ಮಾರುತಿ ಆ ಪಟ್ಟಿಯಲ್ಲಿದ್ದವು. ಕಂಪನಿಗಳು ಮೇಲ್ಮನವಿ ಹೋದವು, ಪ್ರಕರಣ ವರ್ಷಗಟ್ಟಲೆ ಎಳೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಮತದಾರರೇ ವಾಹನ ರಿಪೇರಿ ಹಕ್ಕಿಗೆ ಮುದ್ರೆ ಒತ್ತಿದರು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜತೆ ವಾಹನವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಪೋರ್ಟಲ್ ಒಂದು ಮಾಹಿತಿ ಫಲಕ. ಸ್ಕ್ಯಾನರ್ ಸಾಫ್ಟ್‌ವೇರ್ ಕೊಡಲೇಬೇಕು ಅಂತ ಕಂಪನಿಯ ಕೈ ತಿರುಚುವ ಬಲ ಅದಕ್ಕಿಲ್ಲ.

ಹಳೇ ಗಾಡಿ ಹೊಗೆ ಉಗುಳುತ್ತದೆ, ಹೊಸದಕ್ಕೆ ಬದಲಾಗಲಿ ಎನ್ನುವ ವಾದದಲ್ಲಿ ಸತ್ಯವಿದೆ. ಹಾಗಿದ್ದರೆ ಹೊಸದನ್ನು ತನ್ನೂರಿನಲ್ಲೇ ರಿಪೇರಿ ಮಾಡಿಸಿಕೊಳ್ಳುವ ದಾರಿಯೂ ಇರಬೇಕು. ಇಲ್ಲದಿದ್ದರೆ ರಾಯಬಾಗದ ಪಿಕಪ್ ಮಾಲೀಕ ಒಂದು ಸೆನ್ಸರಿಗಾಗಿ ಬೆಳಗಾವಿ ಅಥವಾ ಕೊಲ್ಹಾಪುರಕ್ಕೆ ಹೋಗಬೇಕು, ಒಂದು ದಿನದ ಬಾಡಿಗೆ ಕಳೆದುಕೊಳ್ಳಬೇಕು. ಸರ್ಕಾರಿ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸುಗಳಿವೆ. ತಾಲೂಕಿಗೊಂದು ಐಟಿಐಯಲ್ಲಿ ಎಲ್ಲ ಕಂಪನಿಗಳ ಗಾಡಿ ಓದುವ ಸ್ಕ್ಯಾನರ್ ಇಟ್ಟು, ಊರಿನ ಮಿಸ್ತ್ರಿಗಳಿಗೆ ಸಂಜೆ ಹೊತ್ತು ಕನ್ನಡದಲ್ಲೇ ಕಲಿಸಿ ಎಂದು ಕೇಳುವುದು ದುಬಾರಿ ಬೇಡಿಕೆಯೇನೂ ಅಲ್ಲ. ಮತ ಕೇಳಲು ಬರುವವರ ಮುಂದೆ ಇಡಬಹುದಾದಷ್ಟು ಸಣ್ಣದು, ಆಯಿತೋ ಇಲ್ಲವೋ ಅಂತ ಲೆಕ್ಕ ಕೇಳಬಹುದಾದಷ್ಟು ಸ್ಪಷ್ಟ.

ಗ್ಯಾರೇಜಿಗೆ ಹೋಗುವಾಗ

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ನಾಲ್ಕು ಕೆಲಸ. ರೇಸ್ ಯಾವಾಗ ಏರುತ್ತದೆ ಎಂದು ಬರೆದುಕೊಳ್ಳಿ: ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ, ಮಳೆಯ ನಂತರವೋ, ಯಾವಾಗಲೂ ಹಾಗೆಯೋ. ಲಿವರ್ ಸ್ಕ್ರೂಗೆ ತಾಗಿದೆಯೇ ಎಂದು ನೋಡಿ ಫೋಟೋ ತೆಗೆಯಿರಿ. ಸ್ಕ್ರೂ ಮುಟ್ಟುವ ಮೊದಲು ಗುರುತು ಹಾಕಿಸಿ, ಎಷ್ಟು ತಿರುಗಿಸಿದರು ಎಂದು ಬಿಲ್ಲಿನಲ್ಲೋ ವಾಟ್ಸ್ಯಾಪಿನಲ್ಲೋ ಬರೆಸಿಕೊಳ್ಳಿ. ಬದಲಿಸಿದ ಹಳೇ ಭಾಗವನ್ನು ಕೇಳಿ ವಾಪಸ್ ತನ್ನಿ. ಎರಡು ವಾರ ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಡೀಸೆಲ್ ಲೆಕ್ಕ ಇಟ್ಟರೆ ರಿಪೇರಿ ನಿಜಕ್ಕೂ ಆಯಿತೋ ಇಲ್ಲವೋ ಅದೂ ಗೊತ್ತಾಗುತ್ತದೆ.